ಬರೆದಿಟ್ಟ ಹಕ್ಕು ಕೈ ಸೇರಿದ ಬಗೆ



ಹಕ್ಕೊಂದು ಕಾನೂನಿನ ಪುಟದಲ್ಲಿದ್ದ ಮಾತ್ರಕ್ಕೆ ಅದು ಹಕ್ಕುದಾರರ ಕೈ ಸೇರಿದೆಯೆಂದು ಭಾವಿಸಬಾರದು. ಯುರೋಪಿಯನ್ ಒಕ್ಕೂಟದ ಇತಿಹಾಸವೇ ಇದಕ್ಕೆ ಸಾಕ್ಷಿ. ಇಂದು 27 ರಾಷ್ಟ್ರಗಳಿರುವ ಈ ಒಕ್ಕೂಟಕ್ಕೆ 1957ರ ರೋಮ್ ಒಪ್ಪಂದ ಬುನಾದಿ ಹಾಕಿದಾಗ ಅದರಲ್ಲಿ ಇದ್ದುದು ಆರೇ ರಾಷ್ಟ್ರಗಳು. ಸಮಾನ ಕೆಲಸಕ್ಕೆ ಸ್ತ್ರೀ ಪುರುಷರಿಗೆ ಸಮಾನ ವೇತನ ನೀಡಬೇಕೆಂದು ಒಪ್ಪಂದದ 119ನೇ ವಿಧಿ ಹೇಳಿತು. ಇದಕ್ಕೆ ಸ್ತ್ರೀಯರ ಮೇಲಿನ ಕಾಳಜಿಯೊಂದೇ ಕಾರಣವಾಗಿರಲಿಲ್ಲ. ಫ್ರಾನ್ಸ್‌ನಲ್ಲಿ ಅಂಥ ಕಾನೂನು ಮೊದಲೇ ಇತ್ತು. ನೆರೆಯ ದೇಶಗಳು ಮಹಿಳೆಯರನ್ನು ಕಡಿಮೆ ಕೂಲಿಗೆ ದುಡಿಸಿ ಅಗ್ಗದ ಸರಕು ಮಾರಿದರೆ ತನ್ನ ಉದ್ಯಮಗಳಿಗೆ ನಷ್ಟವಾದೀತೆಂಬ ಆತಂಕ ಅದಕ್ಕಿತ್ತು.

ವಿಧಿಯ ಜಾರಿಗೆ ಗೊತ್ತುಪಡಿಸಿದ ಗಡುವು 1962ರ ಆರಂಭಕ್ಕೆ ಮುಗಿಯಿತು. ಸರಕಾರಗಳು ಅದನ್ನು 1964ರ ಅಂತ್ಯಕ್ಕೆ ಮುಂದೂಡಿದವು. ಅದೂ ಕಳೆದುಹೋಯಿತು. 1966ರಲ್ಲಿ ಬೆಲ್ಜಿಯಂನ ಹೆರ್ಸ್ತಾಲ್‌ನ ಶಸ್ತ್ರಾಸ್ತ್ರ ಕಾರ್ಖಾನೆಯ ಸುಮಾರು ಮೂರು ಸಾವಿರ ಮಹಿಳೆಯರು ಇದೇ ವಿಧಿಯನ್ನು ಮುಂದಿಟ್ಟು ವಾರಗಟ್ಟಲೆ ಮುಷ್ಕರ ಹೂಡಿದರು. ಕೂಲಿ ತುಸು ಏರಿತು, ಆದರೆ ಸಮಾನವಾಗಲಿಲ್ಲ.

ಅದೇ ದೇಶದ ಗೇಬ್ರಿಯೆಲ್ ಡಿಫ್ರೆನ್ ಎಂಬಾಕೆ ಸಬೇನಾ ವಿಮಾನ ಸಂಸ್ಥೆಯಲ್ಲಿ ಗಗನಸಖಿಯಾಗಿದ್ದರು. ಅದೇ ಕೆಲಸ ಮಾಡುತ್ತಿದ್ದ ಪುರುಷರಿಗೆ ಅವರಿಗಿಂತ ಹೆಚ್ಚು ವೇತನವಿತ್ತು. ನಲವತ್ತು ತುಂಬಿದ ಮಹಿಳೆ ಕೆಲಸ ಬಿಡಬೇಕೆಂಬ ಷರತ್ತಿನಂತೆ 1968ರಲ್ಲಿ ಅವರನ್ನು ಹೊರಗೆ ಕಳುಹಿಸಲಾಯಿತು. ಪುರುಷರಿಗೆ ಆ ಷರತ್ತಿರಲಿಲ್ಲ. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ವಕೀಲೆ ಎಲಿಯಾನ್ ವೋಗೆಲ್-ಪೋಲ್ಸ್ಕಿ ಅವರ ಪರ ವಾದಿಸಿದರು. 1976ರ ಏಪ್ರಿಲ್ 8ರಂದು ಒಕ್ಕೂಟದ ನ್ಯಾಯಾಲಯವು, 119ನೇ ವಿಧಿಯನ್ನು ಪ್ರಜೆಯೊಬ್ಬಳು ತನ್ನ ದೇಶದ ನ್ಯಾಯಾಲಯದಲ್ಲಿ ನೇರವಾಗಿ ಕೇಳಿ ಪಡೆಯಬಹುದೆಂದು ತೀರ್ಪಿತ್ತಿತು. ಹತ್ತೊಂಬತ್ತು ವರ್ಷ ನಿದ್ರಿಸಿದ್ದ ವಿಧಿ ಎಚ್ಚೆತ್ತಿತು. ಆದರೆ ಹಿಂಬಾಕಿಯ ಹೊರೆಗೆ ಸರಕಾರಗಳು ಹೆದರಿದ್ದರಿಂದ, ಮೊದಲೇ ದಾವೆ ಹೂಡಿದ್ದವರ ಹೊರತು ಬೇರೆಯವರಿಗೆ ಹಳೆಯ ಬಾಕಿ ದಕ್ಕಲಿಲ್ಲ. ಮೌನವಾಗಿದ್ದವರು ತೆತ್ತ ಬೆಲೆಯಿದು!

ಆ ಬಳಿಕ ವ್ಯವಸ್ಥೆ ಬಲಗೊಂಡಿತು. ನೇಮಕ ಮತ್ತು ಬಡ್ತಿಯಲ್ಲೂ ತಾರತಮ್ಯ ನಿಷಿದ್ಧವಾಯಿತು. ಮಹಿಳೆಯು ತಾರತಮ್ಯದ ಸೂಚನೆಗಳನ್ನು ಮುಂದಿಟ್ಟರೆ ಸಾಕು, ತಪ್ಪಿಲ್ಲವೆಂದು ಸಾಬೀತುಪಡಿಸುವ ಹೊಣೆ ಮಾಲೀಕನದು ಎಂಬ ನಿಯಮ 1997ರಲ್ಲಿ ಬಂತು. 2009ರಲ್ಲಿ ಮೂಲಭೂತ ಹಕ್ಕುಗಳ ಸನ್ನದಿಗೆ ಒಪ್ಪಂದದಷ್ಟೇ ಬಲ ದೊರೆಯಿತು. 2023ರ ವೇತನ ಪಾರದರ್ಶಕತೆಯ ನಿರ್ದೇಶನವು, ಅಭ್ಯರ್ಥಿಯ ಹಿಂದಿನ ಸಂಬಳವನ್ನು ಕೇಳುವುದನ್ನೇ ನಿಷೇಧಿಸಿದೆ. ಕಡಿಮೆ ಸಂಬಳ ಪಡೆದವಳು ಮುಂದೆಯೂ ಕಡಿಮೆಗೇ ಕಟ್ಟುಬೀಳಬಾರದೆಂಬುದು ಅದರ ಉದ್ದೇಶ.

ಹಾಗೆಂದು ಅಲ್ಲಿ ನ್ಯಾಯ ಪೂರ್ಣಗೊಂಡಿಲ್ಲ. 2023ರಲ್ಲೂ ಮಹಿಳೆಯ ಸರಾಸರಿ ಗಂಟೆಯ ಗಳಿಕೆ ಪುರುಷನಿಗಿಂತ ನೂರಕ್ಕೆ ಸುಮಾರು 12ರಷ್ಟು ಕಡಿಮೆಯಿತ್ತು. ಶಿರವಸ್ತ್ರಕ್ಕಾಗಿ ಕೆಲಸ ಕಳೆದುಕೊಂಡ ಬೆಲ್ಜಿಯಂನ ಸಹೋದರಿಯ ಪ್ರಕರಣದಲ್ಲಿ ಇದೇ ನ್ಯಾಯಾಲಯವು 2017ರಲ್ಲಿ, ಎಲ್ಲ ಧಾರ್ಮಿಕ ಚಿಹ್ನೆಗಳನ್ನೂ ಸಮಾನವಾಗಿ ನಿಷೇಧಿಸುವ ಸಂಸ್ಥೆಯ ನಿಯಮ ನೇರ ತಾರತಮ್ಯವಲ್ಲ ಎಂದಿತು. ಅದೇ ದಿನ ಫ್ರಾನ್ಸ್‌ನ ಪ್ರಕರಣದಲ್ಲಿ, ಗ್ರಾಹಕನ ಅಸಮಾಧಾನವು ಶಿರವಸ್ತ್ರ ತೆಗೆಸಲು ಸಮರ್ಥನೆಯಾಗದು ಎಂದೂ ಹೇಳಿತು. ಎಲ್ಲರಿಗೂ ಒಂದೇ ನಿಯಮವೆಂದು ಕಂಡರೂ ಅದರ ಭಾರ ಬೀಳುವುದು ಆ ಸಹೋದರಿಯ ತಲೆಯ ಮೇಲೆಯೇ ಅಲ್ಲವೇ? ಸಮಾನತೆಯ ಹೆಸರಿನಲ್ಲೇ ಮಹಿಳೆ ಉದ್ಯೋಗ ಕಳೆದುಕೊಳ್ಳುವುದಾದರೆ ಆ ಸಮಾನತೆ ಅಪೂರ್ಣ.

ಮಹನೀಯರೇ, ಒಪ್ಪಂದ ಬರೆದವರು ಅಧಿಕಾರಸ್ಥರು. ಅದಕ್ಕೆ ಜೀವ ತುಂಬಿದವರು ಕಾರ್ಖಾನೆಯ ಕಾರ್ಮಿಕರು, ಓರ್ವ ಗಗನಸಖಿ, ಓರ್ವ ವಕೀಲೆ. ಕೇಳುವವರಿದ್ದಾಗಲೇ ಕಾನೂನು ಮಾತನಾಡುತ್ತದೆ. ಕೇಳುವ ಧೈರ್ಯ ಮಾಡಿದ ಮಗಳನ್ನು ‘ಸುಮ್ಮನಿರು’ ಎಂದು ಗದರದಿರುವುದು ಪ್ರತಿ ಮನೆಯ ಹೊಣೆ.