ಸೆರೆಯಿಂದ ಬಂದವರ ಬಳಿಗೆ



ನಿವೃತ್ತನಾಗಿ ಸವಳಂಗದಲ್ಲಿ ನೆಲೆಸಿದ ಮೇಲೆ ನಾನು ಮತ್ತೆ ಮತ್ತೆ ತೆರೆದು ನೋಡುವ ಗ್ರಂಥಗಳಲ್ಲಿ ಅಬ್ಬೆ ದ್ಯುಬುವಾ ಅವರದೂ ಒಂದು.

1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಸಹಸ್ರಾರು ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟವೇರಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಆಂಗ್ಲರಿಗೆ ನೆರವಾದರೆಂಬ ಶಂಕೆ ಅವರ ಮೇಲಿತ್ತು. ಅನೇಕರು ದಾರಿಯಲ್ಲೇ ಮಡಿದರು. ಉಳಿದವರಲ್ಲಿ ಬಹುಮಂದಿಯ ಮತವನ್ನು ಬಲಾತ್ಕಾರದಿಂದ ಬದಲಿಸಲಾಯಿತು. 1799ರಲ್ಲಿ ಪಟ್ಟಣ ಬಿದ್ದಾಗ ಸೆರೆ ಮುಗಿಯಿತು. ಆದರೆ ತಮ್ಮವರು ತಮ್ಮನ್ನು ಮತ್ತೆ ಸೇರಿಸಿಕೊಂಡಾರೆಯೇ ಎಂಬ ಅಳುಕು ಅವರಲ್ಲಿ ಇದ್ದಿರಲೇಬೇಕು.

ಅವರ ಬಳಿಗೆ ಬಂದವರು ಫ್ರಾನ್ಸಿನ ಪಾದ್ರಿ ದ್ಯುಬುವಾ. ಈ ನೆಲದವರಂತೆಯೇ ನಿಲುವಂಗಿ, ಮುಂಡಾಸು ತೊಟ್ಟು ಅಲೆದಾಡಿದ ಅವರು, ಚದುರಿದ ಜನರನ್ನು ಒಂದುಗೂಡಿಸಿ ಮರಳಿ ಸಭೆಗೆ ಸೇರಿಸಿಕೊಂಡರು. ಬೇಸಾಯದ ನೆಲೆಗಳನ್ನು ಕಟ್ಟಿದರು. ಸಿಡುಬಿಗೆ ಲಸಿಕೆ ಹಾಕಿಸಿದರು.

ಇಷ್ಟು ಮಾಡಿದವರೇ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, ಆ ಸಹಸ್ರಾರು ಜನರಲ್ಲಿ ಒಬ್ಬನೂ ಧರ್ಮಕ್ಕಾಗಿ ಎದ್ದು ನಿಲ್ಲಲಿಲ್ಲವೆಂದು ಕಟುವಾಗಿ ಬರೆದರು! ಈ ಮಾತು ನನಗೆ ಒಪ್ಪಿಗೆಯಾಗದು. ಕತ್ತಿಯ ಕೆಳಗೆ ನಿಂತವನ ಧೈರ್ಯವನ್ನು ಅಳೆಯಲು, ಮೇಜಿನ ಮುಂದೆ ಕುಳಿತ ನಮಗೆ (ನನ್ನನ್ನೂ ಸೇರಿಸಿಯೇ ಹೇಳುತ್ತೇನೆ) ಅಧಿಕಾರವೆಲ್ಲಿಯದು?

ಬಿಡುಗಡೆಯಾದವರಲ್ಲಿ ಹಲವರು ಘಟ್ಟವಿಳಿದು ಮಂಗಳೂರಿನ ಸೀಮೆಗೆ ಹಿಂದಿರುಗಿದರು. ಅಲ್ಲಿ ಕೆಡವಲ್ಪಟ್ಟಿದ್ದ ಇಗರ್ಜಿಗಳನ್ನು ಒಂದೊಂದಾಗಿ ಮತ್ತೆ ಕಟ್ಟಿದರು.