ಟ್ರ್ಯಾಕ್ಷನ್ ಮಂಚದಿಂದ ಇಳಿಸಿ ನಡೆಸೋಣ



ಬೆನ್ನುನೋವಿಗೆ ಕತ್ತರಿ ಹಾಕದೆ ಚಿಕಿತ್ಸೆ ಕೊಡುವವರ ಸಭೆಯಿದು. ಇಲ್ಲಿ ಸರ್ಜನ್ನರನ್ನು ನಾಲ್ಕು ಮಾತು ಅಂದರೆ ಚಪ್ಪಾಳೆ ಖಂಡಿತ. ಆದರೆ ಅಧ್ಯಕ್ಷ ಪೀಠದಲ್ಲಿ ಕೂರಿಸಿದ್ದೀರಿ. ನಮ್ಮ ಮನೆಯ ಹುಳುಕನ್ನೇ ಮೊದಲು ಹೇಳಬೇಕು.

ಜಾರಿದ ಡಿಸ್ಕ್ ನರವನ್ನೊತ್ತಿ ಕಾಲಿಗೆ ಸೆಳೆತ ತರುತ್ತದೆಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ 1934ರಲ್ಲಿ ತೋರಿಸಿಕೊಟ್ಟರು. ಆಮೇಲೆ ಸೊಂಟ ಹಿಡಿದವರಿಗೆಲ್ಲ ಡಿಸ್ಕೇ ಕಾರಣವಾಯಿತು; ಎಂಆರ್‌ಐ ಬಂದ ಮೇಲಂತೂ ಕೇಳುವುದೇ ಬೇಡ. 1994ರಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದಲ್ಲ ಒಂದು ಕಡೆ ಡಿಸ್ಕ್ ಉಬ್ಬಿತ್ತು! ವಯಸ್ಸಾದಂತೆ ಕೂದಲು ನೆರೆಯುವ ಹಾಗೆ ಡಿಸ್ಕ್ ಸವೆಯುತ್ತದೆ, ಅಷ್ಟೆ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ, ರಿಪೋರ್ಟ್ ಕೈಗೆ ಬಂದ ಹೆಣ್ಣುಮಗಳು ಮೊದಲು ಕೊಡ ಎತ್ತುವುದನ್ನು ಬಿಡುತ್ತಾಳೆ, ಆಮೇಲೆ ಬಗ್ಗಿ ಕಸ ಗುಡಿಸುವುದನ್ನು, ಕೊನೆಗೆ ಜಾತ್ರೆ, ಮದುವೆಗೆ ಹೋಗುವುದನ್ನೂ.

ಹಾಸಿಗೆ ಹಿಡಿಸುವ ಸಲಹೆಗೂ ಆಧಾರವಿಲ್ಲ. ಎರಡು ದಿನ ಮಲಗಿದವರಿಗೂ ಏಳು ದಿನ ಮಲಗಿದವರಿಗೂ ಗುಣದಲ್ಲಿ ವ್ಯತ್ಯಾಸವಿಲ್ಲ, ಎರಡು ದಿನದವರು ಬೇಗ ಕೆಲಸಕ್ಕೆ ಮರಳಿದರು ಎಂಬುದು 1986ರಲ್ಲೇ ಗೊತ್ತಾಗಿದೆ.

ಈಗ ಹುಳುಕಿನ ಮಾತು. ಮೂರು ತಿಂಗಳು ಮೀರಿದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಬೇಕೆಂದದ್ದು: ತಿಳಿವಳಿಕೆ ಹೇಳುವುದು, ವ್ಯಾಯಾಮ, ಮಸಾಜ್, ನೋವಿನ ಭಯ ಕಳೆಯುವ ಮನೋಚಿಕಿತ್ಸೆ, ಕೆಲವು ನೋವಿನ ಮಾತ್ರೆ. ಸಾಮಾನ್ಯವಾಗಿ ಬೇಡವೆಂದದ್ದು: ಸೊಂಟದ ಬೆಲ್ಟು, ಬೆನ್ನನ್ನು ಜಗ್ಗಿ ಹಿಡಿಯುವ ಟ್ರ್ಯಾಕ್ಷನ್, ಅಲ್ಟ್ರಾಸೌಂಡ್ ಚಿಕಿತ್ಸೆ, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಡುವ ಟೆನ್ಸ್. ಎರಡನೆಯ ಪಟ್ಟಿಯ ಸಾಮಾನೆಲ್ಲ ಎಲ್ಲಿವೆ ಸ್ವಾಮಿ? ಕಂತು ಕಟ್ಟಿ ಕೊಂಡು ನಮ್ಮ ಕ್ಲಿನಿಕ್ಕುಗಳಲ್ಲೇ ಇಟ್ಟುಕೊಂಡಿದ್ದೇವೆ. ರೋಗಿಯೂ "ಕರೆಂಟ್ ಕೊಡಿ ಸಾರ್" ಎಂದೇ ಬರುತ್ತಾನೆ. ಮಿಷನ್ ಹಚ್ಚಿದರೆ ಅವನಿಗೆ ಸಮಾಧಾನ, ನಮಗೆ ಫೀಸು. ನಡೆಯಪ್ಪಾ ಎಂದರೆ, ಇಷ್ಟಕ್ಕೆ ದುಡ್ಡು ಯಾಕೆ ಎನ್ನುತ್ತಾನೆ.

ನಡಿಗೆಯೂ ನಮ್ಮ ಕಸುಬೇ. ಆಸ್ಟ್ರೇಲಿಯಾದಲ್ಲಿ ಬೆನ್ನುನೋವು ಒಮ್ಮೆ ವಾಸಿಯಾಗಿದ್ದ 701 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಫಿಸಿಯೋಥೆರಪಿಸ್ಟರು ಹಂತಹಂತವಾಗಿ ನಡಿಗೆ ರೂಢಿಸಿದರು. 2024ರಲ್ಲಿ ಫಲಿತಾಂಶ ಬಂತು. ನೋವು ಮರುಕಳಿಸಲು ಅವರಿಗೆ ಹಿಡಿದ ಮಧ್ಯಾಂಕ ಅವಧಿ 208 ದಿನ, ಉಳಿದವರಿಗೆ 112. ಯಂತ್ರವಿಲ್ಲ, ಬೆಲ್ಟಿಲ್ಲ. ರೋಗಿಯ ದಿನಚರಿ ಕೇಳಿ, ಎಷ್ಟು, ಯಾವಾಗ ನಡೆಯಬೇಕೆಂದು ಕೂತು ಹೇಳುವ ತಾಳ್ಮೆ ಬೇಕು. ಗದ್ದೆ ನಾಟಿಗೆ ಹೋಗುವವಳಿಗೆ "ಬಗ್ಗಬೇಡಮ್ಮ" ಎಂದರೆ ಅದು ಚಿಕಿತ್ಸೆಯಲ್ಲ, ಅವಳ ಕೂಲಿಗೆ ಕಲ್ಲು. ಸ್ವಲ್ಪ ಹೊತ್ತು ಬಗ್ಗು, ಎದ್ದು ಸೊಂಟ ನೆಟ್ಟಗೆ ಮಾಡು, ವಾರ ವಾರ ಹೆಚ್ಚಿಸು ಎನ್ನಬೇಕು.

ಹಾಗೆಂದು ಆಪರೇಷನ್ನೇ ಬೇಡವೆನ್ನುವ ಹಟವೂ ಸಲ್ಲದು. ನೆದರ್ಲೆಂಡ್ಸಿನ 2007ರ ಅಧ್ಯಯನದಲ್ಲಿ, ತೀವ್ರ ಸಯಾಟಿಕಾ, ಅಂದರೆ ಕಾಲಿಗಿಳಿಯುವ ನರದ ಸೆಳೆತ, ಇದ್ದವರಲ್ಲಿ ಬೇಗ ಆಪರೇಷನ್ ಆದವರೂ ಕಾದವರೂ ಒಂದು ವರ್ಷಕ್ಕೆ ಸಮಸಮ ಇದ್ದರು. ಆದರೆ ಆಪರೇಷನ್ ಆದವರ ನೋವು ಬೇಗ ಇಳಿದಿತ್ತು. ಕಾದವರಲ್ಲೂ ಹತ್ತಕ್ಕೆ ನಾಲ್ವರು ಕೊನೆಗೆ ಟೇಬಲ್ ಹತ್ತಿದರು. ಎರಡನ್ನೂ ರೋಗಿಯ ಮುಂದಿಟ್ಟು, ಆಯ್ಕೆ ಅವರಿಗೇ ಬಿಡಿ. ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಸೋಲುತ್ತ ಬಂದರೆ ಮಾತ್ರ ಕಾಯುವ ಮಾತಿಲ್ಲ, ಅವತ್ತೇ ಸರ್ಜನ್ ಬಳಿ ಕಳುಹಿಸಿ. ಜ್ವರ, ತೂಕ ಇಳಿತ, ರಾತ್ರಿ ನಿದ್ದೆಗೆಡಿಸುವ ನೋವು ಇದ್ದರೆ ಬೆನ್ನೆಲುಬಿನ ಕ್ಷಯವನ್ನೂ ನೆನೆಯಿರಿ. ನಮ್ಮ ನಾಡಿನಿಂದ ಅದಿನ್ನೂ ತೊಲಗಿಲ್ಲ.

ಈ ಲಕ್ಷಣಗಳನ್ನೂ ನಡಿಗೆಯ ಕ್ರಮವನ್ನೂ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸುವ ಪ್ರಸ್ತಾವ ಸಂಜೆಯ ಸಭೆಯ ಮುಂದಿದೆ. ಕರಡು ನಿಮ್ಮ ಚೀಲದಲ್ಲಿದೆ. ಊಟದ ಹೊತ್ತಿಗೆ ಓದಿ, ಕೆಂಪು ಗೀಟು ಹಾಕಿಕೊಂಡು ಬನ್ನಿ.