ದೋಣಿಗಿಂತ ಮೊದಲು ಹಗ್ಗ



ಇವತ್ತು ರಾಜಕೀಯ ಬೇಡ. ಯಾರು ಯಾರ ಮನೆಗೆ ಹೋಗಿ ತಿಂಡಿ ತಿಂದರು, ಯಾರ ಕುರ್ಚಿ ಅಲ್ಲಾಡುತ್ತಿದೆ, ಅದೆಲ್ಲ ನಾಳೆಯೂ ಇರುತ್ತೆ. ಇವತ್ತು ಒಂದು ದೋಣಿಯ ಬಗ್ಗೆ ಮಾತಾಡೋಣ. ಒಬ್ಬರೇ ಕೂರುವ, ಎರಡೂ ತುದಿ ಚೂಪಾಗಿರುವ, ಎರಡು ಕಡೆ ಎಲೆ ಇರುವ ಹುಟ್ಟಿನಿಂದ ನಡೆಸುವ ಪುಟ್ಟ ದೋಣಿ. ಕಯಾಕ್ ಅಂತಾರೆ.

"ಅದು ದುಡ್ಡಿದ್ದವರ ಆಟ, ನಮಗ್ಯಾಕೆ ಸ್ವಾಮಿ?" ಅಂತ ಹಗರೆಯಲ್ಲೋ ಜಾವಗಲ್ಲಿನಲ್ಲೋ ಟಿವಿ ಮುಂದೆ ಕೂತಿರುವ ರೈತರು ಕೇಳಬಹುದು. ಕೇಳಬೇಕು ಕೂಡ. ಉತ್ತರ ಕೊನೆಯಲ್ಲಿ ಕೊಡ್ತೀನಿ. ಹತ್ತು ನಿಮಿಷ ನನ್ನ ಜೊತೆ ಇರಿ.

ಮೊದಲು ಈ ದೋಣಿ ಎಲ್ಲಿಂದ ಬಂತು ನೋಡಿ. ಉತ್ತರ ಧ್ರುವದ ಹತ್ತಿರ, ಹಿಮದ ನಾಡಿನಲ್ಲಿ ಇನ್ಯೂಟ್ ಜನ ಬೇಟೆಗೆ ಮಾಡಿಕೊಂಡಿದ್ದ ದೋಣಿ ಇದು. ಮರದ್ದೋ ಮೂಳೆಯದ್ದೋ ಹಂದರ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ. ನಮ್ಮಲ್ಲೂ ಅದೇ ಅಲ್ವಾ? ಕಾವೇರಿಯ ತೆಪ್ಪ, ತುಂಗಭದ್ರೆಯ ಹರಿಗೋಲು. ಬಿದಿರಿನ ಹೆಣಿಗೆ, ಹೊರಗೆ ಚರ್ಮ. ಈಗ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು ಬಂದಿದೆ. ಅವರ ದೋಣಿ ಉದ್ದ, ನಮ್ಮದು ದುಂಡಗೆ. ಬುದ್ಧಿ ಮಾತ್ರ ಒಂದೇ.

ಇವತ್ತಿನ ಕಯಾಕ್ ಯಾವುದರಿಂದ ಮಾಡ್ತಾರೆ ಗೊತ್ತಾ? ನಿಮ್ಮ ಮನೆ ತಾರಸಿ ಮೇಲೆ ಕಪ್ಪು ನೀರಿನ ಟ್ಯಾಂಕ್ ಇದೆಯಲ್ಲ, ಅದೇ ಪ್ಲಾಸ್ಟಿಕ್, ಅದೇ ವಿಧಾನ. ಅಚ್ಚಿನೊಳಗೆ ಪ್ಲಾಸ್ಟಿಕ್ ಪುಡಿ ಹಾಕಿ, ಬಿಸಿ ಮಾಡುತ್ತಾ ತಿರುಗಿಸುತ್ತಾರೆ. ಪುಡಿ ಕರಗಿ ಅಚ್ಚಿನ ಗೋಡೆಗೆ ಅಂಟಿಕೊಳ್ಳುತ್ತೆ. 1970ರ ದಶಕದಲ್ಲಿ ಈ ದೋಣಿಗಳು ಬಂದ ಮೇಲೆ ಆಟವೇ ಬದಲಾಯಿತು. ಅದಕ್ಕೆ ಮೊದಲಿನ ಫೈಬರ್ ದೋಣಿ ಬಂಡೆಗೆ ಬಡಿದರೆ ಸೀಳುತ್ತಿತ್ತು. ಇದು ಬಡಿದು, ಜಾರಿ, ಮುಂದೆ ಹೋಗುತ್ತೆ. ಹಾಗಾಗಿಯೇ ಜನ ಧೈರ್ಯವಾಗಿ ಬಂಡೆಗಳ ನಡುವೆ ನೊರೆಗಟ್ಟಿ ಹರಿಯುವ ನದಿಗೆ ಇಳಿದರು.

ನಮ್ಮ ರಾಜ್ಯದಲ್ಲೂ ಇಂಥ ನೀರು ಇದೆ. ಗಣೇಶಗುಡಿ ಹತ್ತಿರ ಕಾಳಿ ನದಿ. ಸೂಪಾ ಜಲಾಶಯದಿಂದ ವಿದ್ಯುತ್ತಿಗಾಗಿ ನೀರು ಬಿಟ್ಟರೆ ಅಲ್ಲಿ ಆಟ, ಬಿಡದಿದ್ದರೆ ಬರೀ ಬಂಡೆ. ದಕ್ಷಿಣ ಕೊಡಗಿನ ಬರಪೊಳೆ ಮಳೆಗಾಲದಲ್ಲಿ ಮಾತ್ರ ಮೈದುಂಬುತ್ತೆ. ಪಕ್ಕದ ಕೇರಳದ ಕೋಯಿಕ್ಕೋಡ್ ಜಿಲ್ಲೆಯಲ್ಲಿ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತೆ, ಮಳೆಗಾಲದಲ್ಲೇ. ಬೇರೆ ಬೇರೆ ದೇಶದವರು ಆ ಕೆಂಪು ನೀರಿಗಾಗಿ ಬರುತ್ತಾರೆ. ಇನ್ನು ಸಮುದ್ರದ ಅಲೆ ಮೇಲೆ ಜಾರುವ ಆಟ. ಮೂಲ್ಕಿ ಹತ್ತಿರ ನಂದಿನಿ, ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಹಲಗೆ ಮೇಲೆ ನಿಂತು ಜಾರಿದರೆ ಸರ್ಫಿಂಗ್, ದೋಣಿಯಲ್ಲಿ ಕೂತು ಅದೇ ಅಲೆ ಹಿಡಿದರೆ ಸರ್ಫ್ ಕಯಾಕಿಂಗ್.

ಸರಿ, ಈಗ ನನ್ನ ಕಥೆ. ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ಕಾಳಿ ನದಿಗೆ ಹೋಗಿದ್ದೆ. ನನ್ನನ್ನು ರಾಫ್ಟಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಒಬ್ಬ ಹುಡುಗ ಕಯಾಕ್‌ನಲ್ಲಿ ಬರುತ್ತಿದ್ದ. "ಇವನ್ಯಾಕೆ?" ಅಂದೆ. "ನೀವು ಬಿದ್ದರೆ ಎತ್ತೋಕೆ ಸಾರ್" ಅಂದರು. ನಕ್ಕೆ. ಎರಡನೇ ಇಳಿಜಾರಿನಲ್ಲಿ ರಾಫ್ಟ್ ವಾಲಿತು, ನಾನು ನೀರಲ್ಲಿದ್ದೆ.

ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ಮಾತಾಡುವ ಬಾಯಿ ಅವತ್ತು ಕಟ್ಟಿಹೋಯಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಆದರೆ ಜಾಕೆಟ್ ನನ್ನನ್ನು ತಾನಾಗೇ ಮೇಲಕ್ಕೆ ತಂದಿತು. ಮೊದಲೇ ಹೇಳಿಕೊಟ್ಟಿದ್ದರು: ಹರಿಯುವ ನೀರಲ್ಲಿ ಎದ್ದು ನಿಲ್ಲಬೇಡಿ, ಬಂಡೆ ಸಂದಿಗೆ ಕಾಲು ಸಿಕ್ಕಿದರೆ ನೀರು ನಿಮ್ಮನ್ನು ಬಗ್ಗಿಸಿ ಮುಳುಗಿಸುತ್ತೆ. ಅಂಗಾತ ಮಲಗಿ, ಕಾಲು ಮುಂದಿಟ್ಟು ತೇಲಿ. ತೇಲಿದೆ. ದಡದ ಬಂಡೆ ಮೇಲಿಂದ ಒಬ್ಬರು ಸಣ್ಣ ಚೀಲವೊಂದನ್ನು ಬೀಸಿ ಎಸೆದರು. ಚೀಲದಿಂದ ಹಗ್ಗ ಬಿಚ್ಚಿಕೊಳ್ಳುತ್ತಾ ಬಂದು ನನ್ನ ಎದೆ ಮೇಲೆ ಬಿತ್ತು. ಹಿಡಿದುಕೊಂಡೆ. ಮುಗಿಯಿತು. ಅಷ್ಟರಲ್ಲಿ ಕಯಾಕ್ ಹುಡುಗನೂ ಪಕ್ಕಕ್ಕೆ ಬಂದಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಮಾತ್ರ ನಗು ಬರಲಿಲ್ಲ. ಬಂಡೆ ಮೇಲೆ ಕೂತು ಆ ಒದ್ದೆ ಹಗ್ಗ ನೋಡುತ್ತಿದ್ದಾಗ ನೆನಪಾದದ್ದು ಹಗರೆ.

ಹಗರೆ ನನ್ನ ಅಜ್ಜಿ ಊರು. ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಹಳೇಬೀಡಿಗೆ ರಸ್ತೆ ತಿರುಗುವ ಊರು. ಆ ಸೀಮೆಯ ಹೆಸರುಗಳನ್ನೇ ನೋಡಿ. ಅರಸೀಕೆರೆ, ಹೆಸರಲ್ಲೇ ಕೆರೆ. ಹಳೇಬೀಡಿನ ಹಳೇ ಹೆಸರು ದ್ವಾರಸಮುದ್ರ, ಹೆಸರಲ್ಲೇ ಸಮುದ್ರ. ಹೊಯ್ಸಳರು ಗುಡಿ ಕಟ್ಟಿದಂತೆ ಕೆರೆಯನ್ನೂ ಕಟ್ಟಿದರು. 2023ರಲ್ಲಿ ಬೇಲೂರು, ಹಳೇಬೀಡು ಗುಡಿಗಳಿಗೆ ಯುನೆಸ್ಕೊ ವಿಶ್ವಪರಂಪರೆಯ ಗೌರವ ಬಂತು, ನಾವೆಲ್ಲ ಖುಷಿಪಟ್ಟೆವು. ನೀರನ್ನು ಕಟ್ಟಿ ನಿಲ್ಲಿಸಿದ ಆ ನಾಡಿನಲ್ಲಿ ನೀರಿಗೆ ಬಿದ್ದವನನ್ನು ಎತ್ತುವ ವಿದ್ಯೆಯನ್ನು ಮಾತ್ರ ನಾವು ಯಾರಿಗೂ ಕಲಿಸಲಿಲ್ಲ.

ಒಂದು ದಸರಾ ರಜೆ. ಒಳ್ಳೆ ಮಳೆಯಾಗಿ ಪಕ್ಕದ ಹಳ್ಳಿಯ ಕೆರೆ ಕೋಡಿ ಬಿದ್ದಿತ್ತು. ನೋಡೋಕೆ ಊರೆಲ್ಲ ಹೋಗಿತ್ತು. ನನಗೆ ರಜೆಯಲ್ಲಿ ಜೊತೆಯಾಗುತ್ತಿದ್ದ ಒಬ್ಬ ಹುಡುಗ ಇದ್ದ. ಹೆಸರು ಹೇಳಲ್ಲ, ಅವನ ತಾಯಿ ಇನ್ನೂ ಇದ್ದಾರೆ. ಏರಿಯ ಕಲ್ಲಿನ ಮೇಲೆ ಪಾಚಿ, ಕಾಲು ಜಾರಿತು. ದಡದಿಂದ ಇಪ್ಪತ್ತು ಅಡಿ ಇರಬಹುದು, ಅಷ್ಟೇ. ಏರಿ ಮೇಲೆ ಹತ್ತಿಪ್ಪತ್ತು ಜನ. ಹೆಂಗಸರ ಕೂಗು. ನನ್ನ ಸೋದರಮಾವ ಉಟ್ಟ ಪಂಚೆಯಲ್ಲೇ ಹಾರಿದರು. ಹುಡುಗ ಅವರ ಕುತ್ತಿಗೆ ತಬ್ಬಿದ. ಇಬ್ಬರೂ ಮುಳುಗಿದರು. ಮಾವ ಹೇಗೋ ಮೇಲೆ ಬಂದರು. ಅವನು ಬರಲಿಲ್ಲ.

ವೀಕ್ಷಕರೇ, ಏರಿ ಮೇಲೆ ಮೇವು ಹೇರಿದ್ದ ಎತ್ತಿನ ಗಾಡಿ ನಿಂತಿತ್ತು. ಮೇವು ಬಿಗಿದ ಉದ್ದನೆಯ ಹಗ್ಗ ಅದರಲ್ಲಿತ್ತು. ಯಾರಿಗೂ ಹೊಳೆಯಲಿಲ್ಲ. ಮಾವ ಸಾಯುವ ತನಕ ಒಂದೇ ಮಾತು ಹೇಳುತ್ತಿದ್ದರು: "ಹಗ್ಗ ಇತ್ತು ಕಣಪ್ಪಾ, ಗಾಡೀಲೇ ಇತ್ತು."

ಕಾಳಿ ನದಿಯ ಆ ರಭಸದಲ್ಲಿ ಈಜು ಸರಿಯಾಗಿ ಬಾರದ ನಾನು ಬದುಕಿದೆ. ನಿಂತ ಕೆರೆಯಲ್ಲಿ ಅವನು ಹೋದ. ವ್ಯತ್ಯಾಸ ನೀರಿನದಲ್ಲ, ತಯಾರಿಯದು. ಅದಕ್ಕೇ ಈ ಆಟದ ಸಲಕರಣೆಯನ್ನು ನಾವೆಲ್ಲ ಸರಿಯಾಗಿ ನೋಡಬೇಕು ಅಂತ ಹೇಳ್ತಿರೋದು.

ಜಾಕೆಟ್ಟಿನಿಂದ ಶುರು ಮಾಡೋಣ. ನೀರಲ್ಲಿ ಮನುಷ್ಯನ ಭಾರ ತುಂಬ ಕಡಿಮೆ. ಅವನನ್ನು ಮೇಲಿಡಲು ಐದು ಕೆಜಿಯಷ್ಟು ಎತ್ತುವ ಬಲ ಸಾಕಾಗುತ್ತೆ. ಕಯಾಕ್ ಜಾಕೆಟ್ ಕೊಡೋದು ಸುಮಾರು ಅಷ್ಟನ್ನೇ, ತಾಂತ್ರಿಕವಾಗಿ 50 ನ್ಯೂಟನ್. ಕೈ ಆಡಿಸಲು ತೋಳು ಅಗಲ, ಸೊಂಟದ ಮೇಲೇ ನಿಲ್ಲುವ ಗಿಡ್ಡ ಅಳತೆ. ಆದರೆ ಬಕಲ್ ಹಾಕದಿದ್ದರೆ ಅದು ಬರೀ ಬಣ್ಣದ ಅಂಗಿ. ಬಿದ್ದ ಕೂಡಲೇ ಜಾಕೆಟ್ ಮೇಲೆ, ನೀವು ಕೆಳಗೆ. ಹಾಕಿಕೊಂಡ ಮೇಲೆ ಭುಜದ ಹತ್ತಿರ ಹಿಡಿದು ಎತ್ತಿ ನೋಡಿ. ಕಿವಿ ತನಕ ಬಂದರೆ ಅದು ನಿಮ್ಮ ಅಳತೆಯದಲ್ಲ. ಹಾಗಂತ ಇದೇನು ಪರದೇಶದ ವಿದ್ಯೆಯೂ ಅಲ್ಲ. ನಮ್ಮ ಹಿರಿಯರು ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿ ಬಾವಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿರಲಿಲ್ಲವೇ?

ಆಮೇಲೆ ಹೆಲ್ಮೆಟ್. ಬಂಡೆಗೆ ತಲೆ ಬಡಿದು ಪ್ರಜ್ಞೆ ತಪ್ಪಿದರೆ ಎಂಥ ಈಜುಗಾರನೂ ಅಷ್ಟೇ. ನಂತರ ಸೊಂಟಕ್ಕೆ ಕಟ್ಟಿ ದೋಣಿಯ ಬಾಯಿ ಮುಚ್ಚುವ ಬಟ್ಟೆ. ಇದರಿಂದ ದೋಣಿ ಮಗುಚಿದರೂ ಒಳಗೆ ನೀರು ತುಂಬಲ್ಲ. ಹುಟ್ಟು ಬೀಸಿ, ಸೊಂಟ ತಿರುಗಿಸಿ ಕೂತಲ್ಲಿಂದಲೇ ಮತ್ತೆ ಮೇಲೆ ಬರುತ್ತಾರೆ. ಹಿಮದ ನೀರಲ್ಲಿ ದೋಣಿ ಬಿಟ್ಟು ಈಜಿದರೆ ಸಾವು ಅಂತ ಗೊತ್ತಿದ್ದ ಇನ್ಯೂಟ್ ಬೇಟೆಗಾರರ ವಿದ್ಯೆ ಇದು.

ಕೊನೆಯದೇ ದೊಡ್ಡದು, ಹಗ್ಗದ ಚೀಲ. ಹದಿನೈದರಿಂದ ಇಪ್ಪತ್ತು ಮೀಟರ್ ತೇಲುವ ಹಗ್ಗ. ತುದಿ ನಿಮ್ಮ ಕೈಯಲ್ಲಿ, ಚೀಲ ಮುಳುಗುವವನ ಕಡೆಗೆ. ಕಯಾಕ್ ಕಲಿಯುವವರಿಗೆ ಹೇಳಿಕೊಡುವ ಕ್ರಮ ಇದು: ಮೊದಲು ದಡದಿಂದ ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಅದೂ ಆಗದಿದ್ದರೆ ದೋಣಿಯಲ್ಲಿ ಹೋಗು. ನೀರಿಗೆ ಹಾರುವುದು ಎಲ್ಲಕ್ಕಿಂತ ಕೊನೆಗೆ. ನಾವು ಮಾಡೋದು ತಲೆಕೆಳಗು. ಮೊದಲು ಹಾರ್ತೀವಿ. ಅದಕ್ಕೇ ಒಬ್ಬರನ್ನು ಉಳಿಸಲು ಹೋಗಿ ಇಬ್ಬರು, ಮೂವರು ಹೋಗುವ ಸುದ್ದಿಯನ್ನು ನಾನು ಇದೇ ಕುರ್ಚಿಯಿಂದ ಎಷ್ಟು ಸಲ ಓದಿದ್ದೀನೋ ಲೆಕ್ಕವಿಲ್ಲ. ಅಣ್ಣ ಹೋದ, ತಮ್ಮ ಹಾರಿದ, ಅಪ್ಪ ಹಾರಿದರು.

ಇದು ಸಣ್ಣ ಸಂಗತಿಯಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ರ ಒಂದೇ ವರ್ಷ ದೇಶದಲ್ಲಿ ನೀರಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕೂ ಹೆಚ್ಚು. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮಗುಚಿ, ಮಕ್ಕಳೂ ಸೇರಿ 16 ಜನ ತೀರಿಕೊಂಡರು. ಅವರು ಸಾಹಸಕ್ಕೆ ಹೋದವರಲ್ಲ, ದೇವರಿಗೆ ಕೈ ಮುಗಿಯಲು ಹೋದವರು.

ಈಗ ನಮ್ಮ ಬಯಲು ಸೀಮೆಗೆ ಹೊಸ ನೀರು ಬಂದಿದೆ, ಕೃಷಿ ಹೊಂಡ. 2014-15ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯಲ್ಲಿ ಸಾವಿರಾರು ಹೊಂಡ ತೋಡಿದರು. ಒಣಬೇಸಾಯದವರಿಗೆ ಒಳ್ಳೇದೇ ಆಯಿತು, ಇಲ್ಲ ಅನ್ನಲ್ಲ. ಆದರೆ ಹೊಂಡದ ನಾಲ್ಕೂ ಕಡೆ ಪ್ಲಾಸ್ಟಿಕ್ ಹಾಳೆ. ಒದ್ದೆಯಾದರೆ ಸೋಪು. ಬಿದ್ದ ಮಗು ಇರಲಿ, ಈಜು ಬಲ್ಲ ಯುವಕನೂ ಹತ್ತಿ ಬರಲಾರ. ಸುತ್ತ ತಂತಿಬೇಲಿ ಎಷ್ಟು ಕಡೆ ಇದೆ? ಇದ್ದ ಕಡೆಯೂ ಒಳಗೆ ಇಳಿಬಿಟ್ಟ ಒಂದು ಹಗ್ಗ ಇದೆಯಾ? ನಿಮ್ಮ ತೋಟದ್ದನ್ನು ನಾಳೆ ಬೆಳಿಗ್ಗೆ ನೋಡಿ.

ಸಾಹಸ ಪ್ರವಾಸ ಬೆಳೆಯಲಿ. ಬೇಲೂರಿನ ಯಗಚಿ ಹಿನ್ನೀರಿನಲ್ಲಿ ಜಲಸಾಹಸ ಕ್ರೀಡಾ ಕೇಂದ್ರ ಇದೆ, ಹಗರೆಯಿಂದ ಅರ್ಧ ಗಂಟೆ ದಾರಿ. ಹಾಸನ ಜಿಲ್ಲೆಯ ಮಕ್ಕಳು ಅಲ್ಲಿ ಬರೀ ಟಿಕೆಟ್ ಕೊಂಡು ಒಂದು ಸುತ್ತು ಹೊಡೆದು ಬಂದರೆ ಸಾಲದು. ಪ್ರತಿ ಪ್ರೌಢಶಾಲೆಯ ಮಕ್ಕಳನ್ನು ವರ್ಷಕ್ಕೊಂದು ದಿನ ಅಲ್ಲಿಗೆ ಕರೆದೊಯ್ದು ತೇಲುವುದು, ಜಾಕೆಟ್ ಕಟ್ಟುವುದು, ಹಗ್ಗ ಎಸೆಯುವುದು ಕಲಿಸಲಿ. ಅವರಲ್ಲಿ ಯಾರೋ ಒಬ್ಬಳು ನಾಳೆ ಕಯಾಕ್ ಹಿಡಿದು ಒಲಿಂಪಿಕ್ಸ್‌ಗೂ ಹೋಗಬಹುದು. ಹೋಗದಿದ್ದರೂ ಪರವಾಗಿಲ್ಲ, ಊರಿನ ಕೆರೆ ಏರಿ ಮೇಲೆ ಒಂದು ದಿನ ಬೇಕಾಗುತ್ತಾಳೆ. ಇನ್ನು ಆಟ ನಡೆಸುವವರಿಗೆ ಒಂದು ಮಾತು. 2022ರ ಏಪ್ರಿಲ್‌ನಲ್ಲಿ ಇದೇ ಕಾಳಿ ನದಿಯಲ್ಲಿ ಮಿತಿ ಮೀರಿ ಜನ ಹೇರಿದ್ದ ರಾಫ್ಟ್ ಸಿಕ್ಕಿಕೊಂಡ ವಿಡಿಯೊ ನೋಡಿ ರಾಜ್ಯವೇ ಬೆಚ್ಚಿತ್ತು. ಒಂದು ತಲೆ ಹೆಚ್ಚು ಹತ್ತಿಸಿದರೆ ಒಂದು ಟಿಕೆಟ್ ಲಾಭ. ಮುಳುಗಿದರೆ ಯಾರ ಲೆಕ್ಕಕ್ಕೆ?

ಈಗ ಆ ರೈತರ ಪ್ರಶ್ನೆಗೆ ಉತ್ತರ. ಕಯಾಕ್ ನಿಮಗೆ ಬೇಡ, ನಿಜ. ಅದರ ಹಗ್ಗದ ಚೀಲ ಬೇಕು. ಅಂಗಡಿಯದ್ದೇ ಆಗಬೇಕಿಲ್ಲ. ಐದು ಲೀಟರ್ ಎಣ್ಣೆಯ ಖಾಲಿ ಕ್ಯಾನ್ ತಗೊಳ್ಳಿ. ಎಸೆದರೆ ದೂರ ಹೋಗುವಷ್ಟು ಸ್ವಲ್ಪ ನೀರು ಹಾಕಿ, ಮುಚ್ಚಳ ಬಿಗಿಯಾಗಿ ಮುಚ್ಚಿ. ಹಿಡಿಗೆ ಇಪ್ಪತ್ತು ಮೀಟರ್ ನೈಲಾನ್ ಹಗ್ಗ ಕಟ್ಟಿ. ಹೊಂಡದ ಪಕ್ಕ ಗೂಟಕ್ಕೆ ನೇತುಹಾಕಿ. ಜೊತೆಗೆ ಒಂದು ಹಳೇ ಟ್ರಾಕ್ಟರ್ ಟ್ಯೂಬ್ ಇದ್ದರೆ ಇನ್ನೂ ಒಳ್ಳೇದು. ಎಸೆಯುವಾಗ ಅವನ ತಲೆ ದಾಟಿಸಿ ಎಸೆಯಿರಿ, ಆಮೇಲೆ ಎಳೆದುಕೊಳ್ಳಿ. ಎಳೆಯುವವರು ಕೂತುಕೊಂಡೇ ಎಳೆಯಿರಿ, ಇಲ್ಲದಿದ್ದರೆ ನೀವೂ ಒಳಗೆ. ಗ್ರಾಮ ಪಂಚಾಯಿತಿಯವರೇ, ಕೆರೆಗೊಂದು ಇಂಥ ಗೂಟ ನೆಡಲು ಯಾವ ಸರ್ಕಾರದ ಆದೇಶ ಬೇಕು? ಗಣಪತಿ ಬಿಡುವ ಹಬ್ಬಕ್ಕೆ ಮೊದಲು ನೆಡಿ.

ಮುಂದಿನ ಸಲ ಹಗರೆಗೆ ಹೋದಾಗ ನಾನೇ ಒಂದು ಕ್ಯಾನು, ಹಗ್ಗ ತಗೊಂಡು ಆ ಕೆರೆ ಏರಿಗೆ ಹೋಗ್ತೀನಿ. ಮಾವ ಇದ್ದಿದ್ದರೆ ಗಂಟು ಅವರೇ ಹಾಕುತ್ತಿದ್ದರು.